ಹರಕೆ ಆಟವನ್ನು ಲೈವ್ ಮಾಡುವುದು ಹೇಗೆ: ರಂಗಸ್ಥಳದಿಂದ ದುಬೈಯ ಫೋನಿನವರೆಗೆ

ಕರಾವಳಿಯ ನಮ್ಮ ಮನೆಯಲ್ಲಿ ಹರಕೆಯ ಯಕ್ಷಗಾನಕ್ಕೆ, ಅಂದರೆ ನಮ್ಮ ಮಾತಿನಲ್ಲಿ ಆಟಕ್ಕೆ, ದಿನ ನಿಗದಿಯಾದ ಕೂಡಲೇ ಎರಡು ಫೋನ್ ಬರುತ್ತವೆ. ಒಂದು ಮುಂಬೈಯಿಂದ ಮಾವನದು, ಇನ್ನೊಂದು ದುಬೈಯಿಂದ ಅಕ್ಕನದು. ಇಬ್ಬರದೂ ಒಂದೇ ಮಾತು. "ಬರ್ಲಿಕ್ಕೆ ರಜೆ ಇಲ್ಲ ಮಾರಾಯ, ಲೈವ್ ಹಾಕ್ತೀಯಲ್ಲ?"

ಮೊದಲ ಸಲ ನಾನು ತುಂಬಾ ಧೈರ್ಯದಿಂದ ಹೂಂ ಅಂದಿದ್ದೆ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಲೈವ್ ಒತ್ತಿದೆ. ಪೂರ್ವರಂಗ ಮುಗಿಯುವವರೆಗೆ ಎಲ್ಲ ಚೆನ್ನಾಗಿತ್ತು. ಪ್ರಸಂಗ ಶುರುವಾಯಿತು, ಗದ್ದೆ ತುಂಬ ಜನ ಸೇರಿದರು. ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ, ರಂಗಸ್ಥಳಕ್ಕೆ ಬರುವ ಹೊತ್ತಿಗೆ ಅಕ್ಕನ ಫೋನಿನಲ್ಲಿ ಚಕ್ರ ತಿರುಗುತ್ತಿತ್ತು. ಚೆಂಡೆ ಒಡೆದ ಡಬ್ಬದ ಹಾಗೆ ಕೇಳುತ್ತಿತ್ತಂತೆ. ಮರುದಿನ ಅವಳು ಬೈದದ್ದು ಮಾತ್ರ ಒಂದೂ ಕಡಿಯದೆ ಸ್ಪಷ್ಟವಾಗಿ ಕೇಳಿತು.

ಆಮೇಲೆ ಕೂತು ಕಲಿತೆ. ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಿಮ್ಮಲ್ಲಿ ಆಟದ ಬದಲು ಮದುವೆ ಇರಬಹುದು, ಊರಿನ ಕಬಡ್ಡಿ ಇರಬಹುದು, ಲೆಕ್ಕ ಒಂದೇ. ಯಾವ ಬಟನ್ ಒತ್ತಬೇಕು ಎನ್ನುವುದರ ಜೊತೆಗೆ ಒಳಗೆ ಏನು ನಡೆಯುತ್ತದೆ ಎಂದೂ ಹೇಳಿದ್ದೇನೆ. ಯಾಕಂದ್ರೆ ರಾತ್ರಿ ಹನ್ನೊಂದಕ್ಕೆ ಲೈವ್ ನಿಂತರೆ ಬಟನ್ನಿನ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ. ಎಲ್ಲಿ ಸಿಕ್ಕಿಕೊಂಡಿದೆ ಎಂದು ಗೊತ್ತಿರಬೇಕು.

ಹೆಜ್ಜೆ 1: ಮೊದಲು ನಿಮ್ಮ ಲ್ಯಾಪ್‌ಟಾಪಿನಲ್ಲೇ ನೋಡಿ

ಸ್ಟ್ರೀಮಿಂಗ್ ಅಂದರೆ ನಲ್ಲಿಯಿಂದ ನೀರು ಬಂದ ಹಾಗೆ ವಿಡಿಯೋ ಒಂದೇ ಸಮನೆ ಹರಿದು ಬರುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಅದು ಪಂಕ್ತಿ ಊಟದ ಹಾಗೆ.

ಊಟಕ್ಕೆ ಕೂತವರ ಎಲೆಗೆ ಯಾರೂ ಒಮ್ಮೆಲೇ ಹಂಡೆ ಅನ್ನ ಸುರಿಯುವುದಿಲ್ಲ. ಸ್ವಲ್ಪ ಬಡಿಸುತ್ತಾರೆ. ಅದನ್ನು ನೀವು ಉಣ್ಣುವಷ್ಟರಲ್ಲಿ ಬಕೆಟ್ ಹಿಡಿದವರು ಇನ್ನೊಂದು ಸುತ್ತು ಬರುತ್ತಾರೆ. ವಿಡಿಯೋ ಕೂಡ ಕೆಲವೇ ಸೆಕೆಂಡುಗಳ ತುಂಡುಗಳಾಗಿ ಬರುತ್ತದೆ. ಒಂದು ತುಂಡು ಓಡುತ್ತಿರುವಾಗ ಮುಂದಿನದು ಎಲೆಯ ಮೇಲೆ ಬಿದ್ದಿರುತ್ತದೆ. ಎಲೆಯ ಮೇಲೆ ಉಳಿದಿರುವ ಆ ಅನ್ನವೇ ಬಫರ್. ಎಲೆ ಖಾಲಿಯಾಗಿ, ಬಡಿಸುವವರು ಇನ್ನೂ ಬಾರದೆ ಇದ್ದಾಗ ಕಾಣುವುದೇ ಆ ತಿರುಗುವ ಚಕ್ರ.

ಇಲ್ಲಿ ಇನ್ನೊಂದು ವಿಷಯ ಇದೆ, ಹೆಚ್ಚಿನವರು ಇದನ್ನು ಉಲ್ಟಾ ತಿಳಿದಿರುತ್ತಾರೆ. ಎಷ್ಟು ಬಡಿಸಬೇಕು ಎಂದು ಹೇಳುವುದು ಅಡುಗೆಯವರಲ್ಲ, ಊಟಕ್ಕೆ ಕೂತವರು. ಸರ್ವರಿನಲ್ಲಿ ಒಂದೇ ವಿಡಿಯೋ 144ಪಿ, 360ಪಿ, 720ಪಿ ಹೀಗೆ ನಾಲ್ಕೈದು ಅಳತೆಯಲ್ಲಿ ತಯಾರಾಗಿ ಕೂತಿರುತ್ತದೆ. ಯಾವ ತುಂಡು ಎಲ್ಲಿದೆ ಎಂಬ ಪಟ್ಟಿಯನ್ನು ನೋಡುಗರ ಫೋನು ಮೊದಲು ತರಿಸಿಕೊಳ್ಳುತ್ತದೆ. ಆಮೇಲೆ ತನ್ನ ನೆಟ್ ಎಷ್ಟು ವೇಗ ಇದೆ ಎಂದು ಅದೇ ಅಳೆದು, ಪ್ರತಿ ತುಂಡಿಗೂ "ದೊಡ್ಡದು ಕೊಡಿ", "ಈಗ ಸಣ್ಣದು ಸಾಕು" ಎಂದು ಕೇಳುತ್ತದೆ. ಅಕ್ಕ ಮೆಟ್ರೋದಲ್ಲಿ ಕೂತು ನೋಡುವಾಗ ಚಿತ್ರ ಸ್ವಲ್ಪ ಮಸುಕಾಗಿ ಮತ್ತೆ ಸರಿಯಾಗುತ್ತದಲ್ಲ, ಅದು ಇದೇ.

ಈ ಪದ್ಧತಿ ತುಂಬಾ ಹಳೆಯದಲ್ಲ. 1995ರಲ್ಲಿ ಅಮೆರಿಕದ ಸಿಯಾಟಲ್‌ನ ಒಂದು ಕಂಪನಿ ರಿಯಲ್‌ಆಡಿಯೋ ಬಿಟ್ಟಾಗ ಕೇಳುಗನಿಗೂ ಸರ್ವರಿಗೂ ನಡುವೆ ವಿಶೇಷ ಸಂಪರ್ಕ, ಅದಕ್ಕೆಂದೇ ಬೇರೆ ಸಾಫ್ಟ್‌ವೇರ್ ಬೇಕಾಗಿತ್ತು. 2009ರಲ್ಲಿ ಆಪಲ್ ಎಚ್‌ಎಲ್‌ಎಸ್ ತಂದಿತು. 2012ರಲ್ಲಿ ಡ್ಯಾಶ್ ಎಂಬ ಅಂತಾರಾಷ್ಟ್ರೀಯ ಮಾನದಂಡ ಬಂತು. ಎರಡರಲ್ಲೂ ಉಪಾಯ ಒಂದೇ. ವಿಶೇಷ ಸಂಪರ್ಕ ಬೇಡ, ವಿಡಿಯೋವನ್ನು ಕತ್ತರಿಸಿ ಸಾಮಾನ್ಯ ಫೈಲುಗಳಾಗಿ ಇಡೋಣ, ವೆಬ್ ಪೇಜಿನಲ್ಲಿ ಫೋಟೋ ಬರುವ ದಾರಿಯಲ್ಲೇ ಇವೂ ಬರಲಿ.

ನಂಬಿಕೆ ಬಾರದಿದ್ದರೆ ಈಗಲೇ ಪರೀಕ್ಷೆ ಮಾಡಿ. ಲ್ಯಾಪ್‌ಟಾಪಿನಲ್ಲಿ ಯೂಟ್ಯೂಬಿನ ಯಾವುದಾದರೂ ವಿಡಿಯೋ ಹಾಕಿ. ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ಒತ್ತಿ. ಮೂಲೆಯಲ್ಲಿ ಒಂದು ಕಪ್ಪು ಪಟ್ಟಿ ಬರುತ್ತದೆ. ಅದರಲ್ಲಿ "ಬಫರ್ ಹೆಲ್ತ್" ಎಂಬ ಸಾಲು ನೋಡಿ. ಎಷ್ಟು ಸೆಕೆಂಡಿನ ಅನ್ನ ಎಲೆಯ ಮೇಲಿದೆ ಎಂದು ಅದು ಹೇಳುತ್ತದೆ. ಈಗ ವೈಫೈ ಆಫ್ ಮಾಡಿ. ವಿಡಿಯೋ ನಿಲ್ಲುವುದಿಲ್ಲ! ಬಫರ್ ಸೊನ್ನೆಗೆ ಬರುವವರೆಗೆ ಓಡಿ, ಆಮೇಲೆ ನಿಲ್ಲುತ್ತದೆ. ಇದನ್ನೇ ಒಂದು ಲೈವ್ ವಿಡಿಯೋದಲ್ಲಿ ಮಾಡಿ. ಬಫರ್ ಕೆಲವೇ ಸೆಕೆಂಡು ಇರುತ್ತದೆ, ಬೇಗ ನಿಂತುಬಿಡುತ್ತದೆ. ಸರಿಯಲ್ವಾ, ಇನ್ನೂ ಬೇಯದ ಅನ್ನವನ್ನು ಮೊದಲೇ ಬಡಿಸಿಡಲು ಯಾರಿಂದ ಆಗುತ್ತದೆ? ಲೈವ್ ಕಷ್ಟ ಅನ್ನುವುದು ಇದಕ್ಕೇ.

ಹೆಜ್ಜೆ 2: ಆಟವಾ, ತಾಳಮದ್ದಳೆಯಾ?

ಒಂದು 720ಪಿ ಚಿತ್ರದಲ್ಲಿ ಅಡ್ಡಕ್ಕೆ 1280, ಉದ್ದಕ್ಕೆ 720 ಚುಕ್ಕಿ. ಒಟ್ಟು 9,21,600. ಒಂದೊಂದು ಚುಕ್ಕಿಯ ಬಣ್ಣಕ್ಕೆ 24 ಬಿಟ್, ಸೆಕೆಂಡಿಗೆ 30 ಚಿತ್ರ. ಗುಣಿಸಿ ನೋಡಿದರೆ ಸೆಕೆಂಡಿಗೆ ಸುಮಾರು 663 ಮೆಗಾಬಿಟ್. ನಾವು ಕಳಿಸುವುದು 3 ಮೆಗಾಬಿಟ್. ಅಂದರೆ ಇನ್ನೂರು ಪಟ್ಟಿಗಿಂತ ಜಾಸ್ತಿ ಹಿಂಡುತ್ತೇವೆ.

ಇದನ್ನು ಮಾಡುವುದು ಕೊಡೆಕ್. ನಾವು ಬಳಸುವುದು ಎಚ್.264, 2003ರಿಂದ ಇರುವ ಹಳೆಯ ಆಳು. ಅದಕ್ಕಿಂತ ಚೆನ್ನಾಗಿ ಹಿಂಡುವ ಹೊಸಬರು ಇದ್ದಾರೆ, 2013ರ ಎಚ್‌ಇವಿಸಿ, 2018ರ ಎವಿ1. ಆದರೆ ಎಲ್ಲಾ ಫೋನಿನಲ್ಲೂ, ಎಲ್ಲಾ ಹಳೆಯ ಟಿವಿಯಲ್ಲೂ ತಕರಾರಿಲ್ಲದೆ ಓಡುವುದು ಇದೇ ಹಳೆಯ ಆಳು.

ಹಿಂಡುವ ಗುಟ್ಟು ಸರಳ. ಪೂರ್ತಿ ಚಿತ್ರವನ್ನು ಕಳಿಸುವುದು ಆಗೊಮ್ಮೆ ಈಗೊಮ್ಮೆ. ಅದಕ್ಕೆ ಕೀಫ್ರೇಮ್ ಎನ್ನುತ್ತಾರೆ. ನಡುವೆ ಹೋಗುವುದು ಬರೀ ವ್ಯತ್ಯಾಸ. "ಹಿಂದಿನ ಪರದೆ ಹಾಗೇ ಇದೆ, ವೇಷದ ಕೈ ಮಾತ್ರ ಇಲ್ಲಿಂದ ಇಲ್ಲಿಗೆ ಸರಿದಿದೆ" ಅಂತ.

ಈಗ ಯೋಚಿಸಿ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಕೂತಲ್ಲೇ ಕೂತಿರುತ್ತಾರೆ. ಬಾಯಿ, ಕೈ ಬಿಟ್ಟರೆ ಏನೂ ಅಲುಗುವುದಿಲ್ಲ. ಒಂದು ಮೆಗಾಬಿಟ್ಟಿನಲ್ಲೂ ಚಿತ್ರ ನೋಡುವ ಹಾಗಿರುತ್ತದೆ. ಆಟ ಹಾಗಲ್ಲ. ಗಿರಗಿರನೆ ತಿರುಗಿ ಧೀಂಗಿಣ ಹಾಕುವಾಗ ಇಡೀ ರಂಗಸ್ಥಳವೇ ಬದಲಾಗುತ್ತಾ ಇರುತ್ತದೆ. ಬಣ್ಣದ ವೇಷದ ಪ್ರವೇಶಕ್ಕೆ ದೊಂದಿಗೆ ರಾಳ ಎರಚಿದರಂತೂ ಮುಗಿಯಿತು. ಬೆಂಕಿ, ಹೊಗೆ, ಕಿಡಿ, ಯಾವ ಚಿತ್ರವೂ ಹಿಂದಿನ ಚಿತ್ರದ ಹಾಗಿಲ್ಲ. ಕೊಡೆಕ್ಕಿಗೆ ಉಳಿತಾಯ ಮಾಡಲು ಏನೂ ಸಿಗುವುದಿಲ್ಲ. ಇದ್ದ ಮೂರು ಮೆಗಾಬಿಟ್ಟಿನಲ್ಲೇ ಮುಗಿಸಬೇಕಲ್ಲ, ಹಾಗಾಗಿ ಚಿತ್ರ ಚೌಕ ಚೌಕ ಆಗುತ್ತದೆ. ನನ್ನ ಮೊದಲ ಲೈವ್ ಸರಿಯಾಗಿ ಬಣ್ಣದ ವೇಷಕ್ಕೇ ಸತ್ತದ್ದಕ್ಕೆ ಅರ್ಧ ಕಾರಣ ಇದು.

ಆದ್ದರಿಂದ ಬಿಟ್ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಬಿಟ್ ಕಳಿಸಬೇಕು ಎಂದು, ಗೊತ್ತು ಮಾಡುವಾಗ ಸಭಾ ಕಾರ್ಯಕ್ರಮದ ಚಿತ್ರ ನೋಡಿ ಸಮಾಧಾನ ಪಡಬೇಡಿ. ಅತಿ ಗಲಾಟೆಯ ದೃಶ್ಯ ಯಾವುದೋ ಅದನ್ನು ನೆನೆದು ಗೊತ್ತು ಮಾಡಿ.

ಕತ್ತಲೆಯೂ ಬಿಟ್ ತಿನ್ನುತ್ತದೆ, ಇದು ನನಗೆ ತಡವಾಗಿ ತಿಳಿದದ್ದು. ಕ್ಯಾಮೆರಾ ತಾನೇ ಬೆಳಕು ಹೆಚ್ಚಿಸಿಕೊಂಡಾಗ ಹಿಂದಿನ ಕಪ್ಪಿನಲ್ಲಿ ಇರುವೆ ಹರಿದ ಹಾಗೆ ಚುಕ್ಕಿಗಳು ಕಾಣುತ್ತವಲ್ಲ? ನಮಗೆ ಅದು ಕಸ. ಕೊಡೆಕ್ಕಿಗೆ ಅದೂ ಚಲನೆಯೇ. ಹಾಗಾಗಿ ಎಕ್ಸ್‌ಪೋಶರ್ ಆಟೋದಲ್ಲಿ ಬಿಡಬೇಡಿ. ವೇಷದ ಮುಖಕ್ಕೆ ಸರಿಯಾಗಿ ಇಟ್ಟು ಲಾಕ್ ಮಾಡಿ, ಹಿಂದೆ ಕಪ್ಪಾಗಿದ್ದರೆ ಇರಲಿ. ಶಟರ್ 1/50 ಇಡಿ. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಟ್ಯೂಬ್‌ಲೈಟು ಚಿತ್ರದಲ್ಲಿ ಮಿಣಮಿಣ ಅನ್ನುವುದಿಲ್ಲ.

ಹೆಜ್ಜೆ 3: ನೆಟ್ ಎಲ್ಲಿಂದ?

ಇದೇ ಮುಖ್ಯ. ಬೇರೆ ಎಲ್ಲದರಲ್ಲೂ ಸ್ವಲ್ಪ ಹೆಚ್ಚುಕಮ್ಮಿ ಆದರೆ ನಡೆಯುತ್ತದೆ, ಇದರಲ್ಲಿ ಇಲ್ಲ.

ನಿಮಗೆ ಬೇಕಾದದ್ದು ಡೌನ್‌ಲೋಡ್ ಅಲ್ಲ, ಅಪ್‌ಲೋಡ್. ಫೋನಿನ ನೆಟ್ ಹೆಚ್ಚಾಗಿ ಡೌನ್‌ಲೋಡಿಗೆ ಅಗಲ ರಸ್ತೆ ಕೊಟ್ಟು, ಅಪ್‌ಲೋಡಿಗೆ ಕಾಲುದಾರಿ ಬಿಟ್ಟಿರುತ್ತದೆ. ಸ್ಪೀಡ್ ಟೆಸ್ಟ್ ಮಾಡುವಾಗ ಎರಡನೆಯ ಸಂಖ್ಯೆಯನ್ನೇ ನೋಡಿ.

ಟೆಸ್ಟನ್ನು ಮಧ್ಯಾಹ್ನ ಖಾಲಿ ಗದ್ದೆಯಲ್ಲಿ ನಿಂತು ಮಾಡಿ ಖುಷಿ ಪಡಬೇಡಿ. ನಾನು ಮಾಡಿದ ತಪ್ಪು ಅದು. ಮಧ್ಯಾಹ್ನ 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್) ಇತ್ತು. ರಾತ್ರಿ ಆ ಗದ್ದೆಯಲ್ಲಿ ಐನೂರು ಜನ, ಎಲ್ಲರ ಕೈಯಲ್ಲೂ ಫೋನು, ಎಲ್ಲಾ ಫೋನಿಗೂ ಗುಡ್ಡದ ಮೇಲಿನ ಅದೇ ಒಂದು ಟವರು. ಅರ್ಧ ಜನ ಸ್ಟೇಟಸ್ಸಿಗೆ ವಿಡಿಯೋ ಹಾಕುತ್ತಿದ್ದರು. ನನ್ನ ಪಾಲಿಗೆ ಒಂದು ಎಂಬಿಪಿಎಸ್ ಕೂಡ ಉಳಿಯಲಿಲ್ಲ.

ಸಾಧ್ಯ ಇದ್ದರೆ ಫೈಬರ್ ಇರುವ ಮನೆಯಿಂದ ಲ್ಯಾನ್ ಕೇಬಲ್ ಎಳೆಯಿರಿ. ಈ ಕೇಬಲ್ಲು ನೂರು ಮೀಟರಿನವರೆಗೆ ಸರಿಯಾಗಿ ಕೆಲಸ ಮಾಡುತ್ತದೆ. ನಮ್ಮಲ್ಲಿ ಪಕ್ಕದ ಮನೆಯವರ ಅಂಗಳದಿಂದ ಅಡಿಕೆ ಮರಗಳಿಗೆ ಕಟ್ಟಿ ಎಳೆದಿದ್ದೆವು. ವೈಫೈ ನಂಬಬೇಡಿ. ಜನರ ಗುಂಪು, ಶಾಮಿಯಾನದ ಕಬ್ಬಿಣದ ಕಂಬ, ಎಲ್ಲವೂ ಅದಕ್ಕೆ ಅಡ್ಡ.

ಇನ್ನು ಲೆಕ್ಕ. ಟೆಸ್ಟಿನಲ್ಲಿ ಬಂದ ಅಪ್‌ಲೋಡಿನ ಅರ್ಧಕ್ಕಿಂತ ಜಾಸ್ತಿ ಬಿಟ್ರೇಟ್ ಇಡಬೇಡಿ. 6 ಬಂದರೆ 3. 4 ಬಂದರೆ 2 ಇಟ್ಟು, ಚಿತ್ರವನ್ನು 480ಪಿಗೆ ಇಳಿಸಿ. ನೆಟ್ಟಿನ ವೇಗ ಒಂದೇ ಸಮ ಇರುವುದಿಲ್ಲ, ಏರುತ್ತಾ ಇಳಿಯುತ್ತಾ ಇರುತ್ತದೆ. ಇಳಿದಾಗಲೂ ನಮ್ಮ ಗಾಡಿ ಹೋಗಬೇಕು.

ಡೇಟಾ ಎಷ್ಟು ಬೇಕು? ಚಿತ್ರ, ಧ್ವನಿ ಸೇರಿ 3.2 ಎಂಬಿಪಿಎಸ್ ಎಂದುಕೊಳ್ಳಿ. ಎಂಟು ಬಿಟ್ ಸೇರಿ ಒಂದು ಬೈಟ್, ಗಂಟೆಗೆ 3600 ಸೆಕೆಂಡು. ಗಂಟೆಗೆ ಸುಮಾರು 1.4 ಜಿಬಿ ಆಯಿತು. ಆರು ಗಂಟೆಯ ಕಾಲಮಿತಿ ಆಟಕ್ಕೆ ಎಂಟೂವರೆ ಜಿಬಿ. ದಿನಕ್ಕೆ 2 ಜಿಬಿ ಪ್ಯಾಕ್ ಹಾಕಿಕೊಂಡು ಕೂತರೆ ಒಂದೂವರೆ ಗಂಟೆಯೂ ಬರುವುದಿಲ್ಲ.

ಒಂದು ಭಯ ಎಲ್ಲರಿಗೂ ಇರುತ್ತದೆ. ನಮ್ಮ ಮಾವ ಕೂಡ ಕೇಳಿದ್ದರು, "ಜಾಸ್ತಿ ಜನ ನೋಡಿದ್ರೆ ನಿನ್ನ ನೆಟ್ ಖಾಲಿ ಆಗ್ತದಲ್ವಾ?" ಆಗುವುದಿಲ್ಲ. ನೀವು ಯೂಟ್ಯೂಬಿಗೆ ಕಳಿಸುವುದು ಒಂದೇ ಪ್ರತಿ. ಹತ್ತು ಜನ ನೋಡಲಿ, ಹತ್ತು ಸಾವಿರ ಜನ ನೋಡಲಿ, ನಿಮ್ಮ ಮನೆಯಿಂದ ಹೋಗುವುದು ಅಷ್ಟೇ. ಹಂಚುವ ಭಾರ ಅವರದು.

ಹೆಜ್ಜೆ 4: ಧ್ವನಿ

ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸಿಕೊಳ್ಳುತ್ತಾರೆ. ಭಾಗವತರ ಪದ ಕಡಿದರೆ ಸಹಿಸುವುದಿಲ್ಲ. ಅಕ್ಕನಂತೂ ಅರ್ಧ ಆಟ ಫೋನು ಒರಗಿಸಿಟ್ಟು ಅಡುಗೆ ಮಾಡುತ್ತಾ ಕೇಳುವವಳು.

ಕ್ಯಾಮೆರಾದ ಅಥವಾ ಫೋನಿನ ಮೈಕಿನಲ್ಲಿ ಆಟದ ಧ್ವನಿ ಹಿಡಿಯಬೇಡಿ. ಕಡಲೆ ಮಾರುವವನ ಸ್ವರ ಮುಂದೆ, ಭಾಗವತರು ಹಿಂದೆ ಆಗುತ್ತದೆ. ಸಂಜೆಯೇ ಹೋಗಿ ಮೈಕ್‌ನವರನ್ನು ಮಾತಾಡಿಸಿ. "ಅಣ್ಣಾ, ಮಿಕ್ಸರಿಂದ ನಂಗೊಂದು ರೆಕಾರ್ಡ್ ಔಟ್ ಕೊಡ್ತೀರಾ?" ಎಂದು ಕೇಳಿ. ಜೊತೆಗೆ ಒಂದು ಚಾ. ಇಲ್ಲ ಅಂದವರನ್ನು ನಾನು ಇದುವರೆಗೆ ನೋಡಿಲ್ಲ.

ಆ ವಯರನ್ನು ನೇರ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಬೇಡಿ. ಮಿಕ್ಸರಿನಿಂದ ಬರುವ ಸಿಗ್ನಲ್ ಮೈಕಿನ ಸಿಗ್ನಲಿಗಿಂತ ಎಷ್ಟೋ ಪಟ್ಟು ಜೋರು. ಚೆಂಡೆ ಡಬ್ಬದ ಹಾಗೆ ಕೇಳುವುದು ಇಂಥದ್ದಕ್ಕೇ. ಲೈನ್ ಇನ್ ಇರುವ ಒಂದು ಸಣ್ಣ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ನಡುವೆ ಇರಲಿ. ಜನರೇಟರ್ ಕರೆಂಟಿನಲ್ಲಿ "ಹ್ಞೂಂ" ಎಂಬ ಶಬ್ದ ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ. ಅಲ್ಲಿಗೆ ನಿಂತರೆ ಕಾರಣ ಅದೇ, ಆಗ ವಯರಿನ ನಡುವೆ ಒಂದು ಆಡಿಯೋ ಐಸೊಲೇಟರ್ ಹಾಕಿದರೆ ಸರಿಹೋಗುತ್ತದೆ.

ಲೆವೆಲ್ ಇಡುವಾಗ ಪದ್ಯ ಕೇಳಿ ಇಡಬೇಡಿ, ಚೆಂಡೆ ಕೇಳಿ ಇಡಿ. ಚೆಂಡೆಯ ಜೋರು ಪೆಟ್ಟು ಮೀಟರಿನಲ್ಲಿ ಮೈನಸ್ 6 ಡಿಬಿ ದಾಟಬಾರದು. ಸೊನ್ನೆ ಮುಟ್ಟಿದರೆ ಅಲ್ಲಿಗೆ ಧ್ವನಿ ಒಡೆಯಿತು, ಆಮೇಲೆ ಯಾರಿಂದಲೂ ಸರಿಮಾಡಲು ಆಗುವುದಿಲ್ಲ.

ಇನ್ನೊಬ್ಬರು ಕೇಳುತ್ತಾರೆ, "ಇಷ್ಟೆಲ್ಲಾ ಯಾಕೆ, ಸುಮ್ನೆ ವಿಡಿಯೋ ಕಾಲ್ ಮಾಡಿದ್ರೆ ಆಗ್ಲಿಕ್ಕಿಲ್ವಾ?" ಮಾಡಿ ನೋಡಿ. ವಿಡಿಯೋ ಕಾಲ್ ತಯಾರಾದದ್ದು ಮಾತಿಗೆ. ಮಾತಲ್ಲದ್ದೆಲ್ಲ ಅದಕ್ಕೆ ಗದ್ದಲ. ಫ್ಯಾನಿನ ಶಬ್ದವನ್ನು ಅಡಗಿಸುವ ಹಾಗೆ ಚೆಂಡೆಯನ್ನೂ, ಚಕ್ರತಾಳವನ್ನೂ ಅಡಗಿಸಲು ಹೊರಡುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ಕಾಲ್‌ನಲ್ಲಿ ಡೇಟಾ ದಾರಿಯಲ್ಲಿ ಕಳೆದುಹೋದರೆ ಸಾಮಾನ್ಯವಾಗಿ ಅದಕ್ಕಾಗಿ ಕಾಯುವುದಿಲ್ಲ, ಬಿಟ್ಟು ಮುಂದೆ ಹೋಗುತ್ತದೆ. ಮಾತಿನಲ್ಲಿ ಎರಡು ಸೆಕೆಂಡು ತಡವಾದರೆ ಸಂಭಾಷಣೆಯೇ ಹಾಳು, ಹಾಗಾಗಿ ಅಲ್ಲಿ ಅದು ಸರಿ. ಸ್ಟ್ರೀಮಿಂಗ್ ಕಾಯುತ್ತದೆ, ಕಳೆದದ್ದನ್ನು ಮತ್ತೆ ತರಿಸಿಕೊಳ್ಳುತ್ತದೆ. ತಡವಾದರೂ ಪೂರ್ತಿ ಬರುತ್ತದೆ. ಪದ್ಯಕ್ಕೆ ಬೇಕಾದದ್ದು ಎರಡನೆಯದು.

ಹೆಜ್ಜೆ 5: ಚಾನೆಲ್ ಮತ್ತು ಅನುಮತಿ

ಯೂಟ್ಯೂಬ್ ಚಾನೆಲ್ಲಿನಲ್ಲಿ ಮೊದಲ ಸಲ ಲೈವ್ ತೆರೆಯುವಾಗ ಫೋನ್ ನಂಬರ್ ದೃಢಪಡಿಸಬೇಕು. ಆಮೇಲೆ ಲೈವ್ ಶುರುವಾಗಲು 24 ಗಂಟೆಯವರೆಗೆ ಹಿಡಿಯುತ್ತದೆ. ಆಟದ ದಿನ ಸಂಜೆ ಇದನ್ನು ನೋಡಿದರೆ ತಲೆಗೆ ಕೈ. ಒಂದು ವಾರ ಮೊದಲೇ ಮಾಡಿಡಿ. ಫೋನಿನ ಆ್ಯಪ್‌ನಿಂದಲೇ ಲೈವ್ ಹೋಗಲು ಕನಿಷ್ಠ 50 ಸಬ್‌ಸ್ಕ್ರೈಬರ್ ಬೇಕು, ಲ್ಯಾಪ್‌ಟಾಪಿನಿಂದ ಹೋಗಲು ಆ ತೊಂದರೆ ಇಲ್ಲ.

ಯೂಟ್ಯೂಬ್ ಸ್ಟುಡಿಯೋದಲ್ಲಿ ದಿನ, ಗಂಟೆ ಹಾಕಿ ಶೆಡ್ಯೂಲ್ ಮಾಡಿ. ಲಿಂಕ್ ಆಗಲೇ ಸಿಗುತ್ತದೆ, ಕುಟುಂಬದ ಗ್ರೂಪಿಗೆ ಹಾಕಿಬಿಡಿ. ಮನೆಯವರಿಗೆ ಮಾತ್ರ ಸಾಕು ಅಂದರೆ "ಅನ್‌ಲಿಸ್ಟೆಡ್" ಇಡಿ, ಲಿಂಕ್ ಇದ್ದವರು ಮಾತ್ರ ನೋಡುತ್ತಾರೆ. "ಲೇಟೆನ್ಸಿ" ಎಂದು ಮೂರು ಆಯ್ಕೆ ಇರುತ್ತದೆ, "ನಾರ್ಮಲ್" ಆರಿಸಿ. ತಡ ಕಡಿಮೆ ಮಾಡಿದಷ್ಟೂ ನೋಡುಗರ ಎಲೆಯ ಮೇಲಿನ ಅನ್ನ ಕಡಿಮೆ. ಆಟಕ್ಕೆ ಅರ್ಧ ನಿಮಿಷ ತಡವಾದರೆ ಯಾರ ಗಂಟೂ ಹೋಗುವುದಿಲ್ಲ. ಲೈವ್ ಕಳಿಸುವ ಸಾಫ್ಟ್‌ವೇರಿಗೆ ಹಾಕಬೇಕಾದ ಸ್ಟ್ರೀಮ್ ಕೀ ಎಂಬ ಉದ್ದದ ಅಕ್ಷರಮಾಲೆ ಮನೆಯ ಬೀಗದ ಕೈ ಇದ್ದ ಹಾಗೆ. ಯಾರಿಗೂ ಫೋಟೋ ಹೊಡೆದು ಕಳಿಸಬೇಡಿ.

ಮೇಳದ ಯಜಮಾನರನ್ನೋ ಮ್ಯಾನೇಜರನ್ನೋ ಮೊದಲೇ ಕೇಳಿ. ಹರಕೆ ನಿಮ್ಮದು, ಆದರೆ ಪ್ರದರ್ಶನ ಅವರದು. ಇನ್ನು, ಆಟ ಶುರುವಾಗುವ ಮೊದಲು ಮೈಕ್‌ನವರು ಸಿನಿಮಾ ಹಾಡು ಹಾಕಿದರೆ ನಿಮ್ಮ ಆಡಿಯೋ ಇಳಿಸಿಬಿಡಿ. ಯೂಟ್ಯೂಬಿನ ಯಂತ್ರ ಆ ಹಾಡನ್ನು ಗುರುತಿಸಿದರೆ ಲೈವನ್ನೇ ಮುಚ್ಚಿ ಖಾಲಿ ಚಿತ್ರ ತೋರಿಸಬಹುದು.

ಹೆಜ್ಜೆ 6: ಒಬಿಎಸ್ ಸೆಟ್ಟಿಂಗು

ಒಬಿಎಸ್ ಸ್ಟುಡಿಯೋ ಎಂಬುದು ಚಿತ್ರ, ಧ್ವನಿ ಸೇರಿಸಿ ಲೈವ್ ಕಳಿಸುವ ಉಚಿತ ಸಾಫ್ಟ್‌ವೇರ್. ಕ್ಯಾಮೆರಾದ ಎಚ್‌ಡಿಎಂಐ ವಯರನ್ನು ಯುಎಸ್‌ಬಿ ಕ್ಯಾಪ್ಚರ್ ಕಾರ್ಡಿಗೆ, ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಒಬಿಎಸ್‌ನಲ್ಲಿ ಸೋರ್ಸ್ ಆಗಿ ಸೇರಿಸಿ. ನಾನು ಇಡುವ ಸೆಟ್ಟಿಂಗ್ ಹೀಗಿದೆ:

ಚಿತ್ರ 1280×720, ಸೆಕೆಂಡಿಗೆ 30.
ಎನ್‌ಕೋಡರ್ ಎಚ್.264, ಲ್ಯಾಪ್‌ಟಾಪಿನಲ್ಲಿ ಹಾರ್ಡ್‌ವೇರ್ ಎನ್‌ಕೋಡರ್ ಇದ್ದರೆ ಅದೇ.
ರೇಟ್ ಕಂಟ್ರೋಲ್ ಸಿಬಿಆರ್ (ಬಿಟ್ರೇಟ್ ಒಂದೇ ಸಮ ಇರುವುದು), ಬಿಟ್ರೇಟ್ 3000 ಕೆಬಿಪಿಎಸ್, ಅಂದರೆ 3 ಮೆಗಾಬಿಟ್.
ಕೀಫ್ರೇಮ್ ಇಂಟರ್‌ವಲ್ 2 ಸೆಕೆಂಡು.
ಧ್ವನಿ ಎಎಸಿ, 160 ಕೆಬಿಪಿಎಸ್, 48 ಕಿಲೋಹರ್ಟ್ಜ್.

ಕೀಫ್ರೇಮ್ ಎರಡೇ ಸೆಕೆಂಡು ಯಾಕೆ? ವಿಡಿಯೋ ತುಂಡಾಗುವುದು ಪೂರ್ತಿ ಚಿತ್ರ ಇರುವಲ್ಲಿ ಮಾತ್ರ. ನಡುವಿನಿಂದ ಶುರುಮಾಡಿದರೆ "ಕೈ ಇಲ್ಲಿಂದ ಸರಿದಿದೆ" ಎನ್ನುವ ಸುದ್ದಿ ಇರುತ್ತದೆ, ಯಾರ ಕೈ ಎಂದು ಗೊತ್ತಿರುವುದಿಲ್ಲ. ತಡವಾಗಿ ಲಿಂಕ್ ತೆರೆದ ಮಾವನಿಗೆ ಚಿತ್ರ ಕಾಣಲು ಶುರುವಾಗುವುದೂ, ಅಕ್ಕನ ಫೋನು 720ರಿಂದ 360ಕ್ಕೆ ಇಳಿಯುವುದೂ ಕೀಫ್ರೇಮಿನಿಂದಲೇ.

ಅಡ್ವಾನ್ಸ್ಡ್ ಸೆಟ್ಟಿಂಗಿನಲ್ಲಿ, ನೆಟ್ ಇಕ್ಕಟ್ಟಾದಾಗ ಬಿಟ್ರೇಟನ್ನು ತಾನೇ ಇಳಿಸುವ ಒಂದು ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕಿ. ಆಡಿಯೋ ಫಿಲ್ಟರಿನಲ್ಲಿ ಧ್ವನಿ ಮಿತಿ ಮೀರದಂತೆ ತಡೆಯುವ ಒಂದು ಲಿಮಿಟರ್ ಸೇರಿಸಿ, ಚೆಂಡೆಯ ಮೇಲೆ ಕಾವಲಿಗೆ.

ಇನ್ನು ತುಟಿಗೂ ಮಾತಿಗೂ ತಾಳ ತಪ್ಪುವುದು. ಚಿತ್ರ ಕ್ಯಾಮೆರಾ, ಕ್ಯಾಪ್ಚರ್ ಕಾರ್ಡ್ ಎಂದು ಸುತ್ತಿ ಬರುತ್ತದೆ, ಧ್ವನಿ ವಯರಿನಲ್ಲಿ ನೇರ ಬಂದುಬಿಡುತ್ತದೆ. ಹಾಗಾಗಿ ಧ್ವನಿ ಮುಂದೆ. ಹೊಂದಿಸಲು ಚೆಂಡೆಗಿಂತ ಒಳ್ಳೆಯ ಸಾಧನ ಇಲ್ಲ. ಹದಿನೈದು ಸೆಕೆಂಡು ರೆಕಾರ್ಡ್ ಮಾಡಿ, ಕೋಲು ಚರ್ಮಕ್ಕೆ ಬೀಳುವುದನ್ನು ನೋಡಿ, ಪೆಟ್ಟಿನ ಶಬ್ದ ಕೇಳಿ. ಆಡಿಯೋದ "ಸಿಂಕ್ ಆಫ್‌ಸೆಟ್" ಅನ್ನು ನೂರು ಮಿಲಿಸೆಕೆಂಡಿನಿಂದ ಶುರುಮಾಡಿ, ಎರಡೂ ಕೂಡುವವರೆಗೆ ಏರಿಸುತ್ತಾ ಹೋಗಿ.

ಜೊತೆಗೆ ಲ್ಯಾಪ್‌ಟಾಪಿನಲ್ಲೇ ರೆಕಾರ್ಡಿಂಗ್ ಕೂಡ ಓಡಲಿ, ಎಂಕೆವಿ ರೂಪದಲ್ಲಿ. ನಡುವೆ ಕರೆಂಟು ಹೋಗಿ ಎಲ್ಲ ಆರಿದರೂ ಅಲ್ಲಿಯವರೆಗಿನದ್ದು ಉಳಿಯುತ್ತದೆ. ಸಾಮಾನ್ಯ ಎಂಪಿ4 ಆದರೆ ಪೂರ್ತಿ ಫೈಲೇ ತೆರೆಯದೆ ಹೋಗಬಹುದು. ಕರೆಂಟಿನ ಮಾತು ಬಂತಲ್ಲ, ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಪಕ್ಕದ ಮನೆಯ ಫೈಬರ್ ಡಬ್ಬಿಗೆ? ಅದಕ್ಕೊಂದು ಸಣ್ಣ ಯುಪಿಎಸ್ ಇಟ್ಟುಬನ್ನಿ.

ಗೇಟು ದಾಟಿದ ಮೇಲೆ

ನೀವು "ಸ್ಟಾರ್ಟ್ ಸ್ಟ್ರೀಮಿಂಗ್" ಒತ್ತಿದ ಮೇಲೆ ಏನಾಗುತ್ತದೆ? ನಿಮ್ಮ ಲ್ಯಾಪ್‌ಟಾಪಿನಿಂದ ಯೂಟ್ಯೂಬಿನ ಹತ್ತಿರದ ಬಾಗಿಲಿನವರೆಗೆ ಹೆಚ್ಚಾಗಿ ಆರ್‌ಟಿಎಂಪಿ ಎಂಬ ದಾರಿಯಲ್ಲಿ ಹೋಗುತ್ತದೆ. ಇದು ಫ್ಲ್ಯಾಶ್ ಪ್ಲೇಯರ್ ಕಾಲದ್ದು. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು, ಅದರ ಈ ಮಗು ಮಾತ್ರ ಇನ್ನೂ ದುಡಿಯುತ್ತಿದೆ. ಈ ಒಂದು ಭಾಗ ನಿಜಕ್ಕೂ ನಲ್ಲಿ ನೀರಿನ ಹಾಗೆ, ತುಂಡಿಲ್ಲ.

ಅಲ್ಲಿ ಮುಟ್ಟಿದ ಕೂಡಲೇ ಅದನ್ನು ಬಿಡಿಸಿ, ಬೇರೆ ಬೇರೆ ಅಳತೆಗೆ ಮತ್ತೆ ಹಿಂಡಿ, ತುಂಡು ಮಾಡಿ, ಪಟ್ಟಿ ಬರೆಯುತ್ತಾರೆ. ಆಮೇಲೆ ಹಂಚುವುದು. ಸಾವಿರ ಜನರ ಪಂಕ್ತಿಗೆ ಪ್ರತಿ ಸಲವೂ ಅಡುಗೆ ಕೋಣೆಯಿಂದಲೇ ಬಕೆಟ್ ತರುವುದಿಲ್ಲವಲ್ಲ, ಸಾಲಿಗೊಂದು ದೊಡ್ಡ ಪಾತ್ರೆ ತಂದಿಟ್ಟು ಅಲ್ಲಿಂದ ಬಡಿಸುತ್ತಾರೆ. ಇಂಟರ್ನೆಟ್ಟಿನಲ್ಲಿ ಆ ಪಾತ್ರೆಗೆ ಸಿಡಿಎನ್ ಎಂದು ಹೆಸರು. ಈ ಕೆಲಸವನ್ನೇ ದೊಡ್ಡ ವ್ಯಾಪಾರ ಮಾಡಿಕೊಂಡ ಅಕಮೈ ಕಂಪನಿ ಶುರುವಾದದ್ದು 1998ರಲ್ಲಿ. ಗೂಗಲ್ ತನ್ನ ಪಾತ್ರೆಗಳನ್ನು ನೆಟ್ ಕಂಪನಿಗಳ ಕಟ್ಟಡದೊಳಗೇ ಇಡುತ್ತದೆ. ಅಕ್ಕನಿಗೆ ತುಂಡು ಸಿಗುವುದು ಅವಳ ಹತ್ತಿರದ ಪಾತ್ರೆಯಿಂದ. 2023ರ ನವೆಂಬರ್ 19ರಂದು ವಿಶ್ವಕಪ್ ಫೈನಲ್ಲನ್ನು ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಮಂದಿ ನೋಡಿದರು. ತುಂಡು ಮಾಡಿ ಪಾತ್ರೆಗಳಲ್ಲಿ ಇಡುವ ಈ ವ್ಯವಸ್ಥೆ ಇಲ್ಲದೆ ಅದು ಆಗುವ ಕೆಲಸವೇ ಅಲ್ಲ.

ಅದೇ ಪಂದ್ಯದಲ್ಲಿ ಪಕ್ಕದ ಮನೆಯ ಕೇಬಲ್ ಟಿವಿಯವರು ಮೊದಲೇ ಕೂಗಿ, ನಿಮ್ಮ ಫೋನಿನಲ್ಲಿ ವಿಕೆಟ್ ಆಮೇಲೆ ಬಿದ್ದದ್ದು ನೆನಪಿದೆಯಾ? ಒಂದು ತುಂಡು ತಯಾರಾಗಬೇಕಾದರೆ ಅಷ್ಟು ಹೊತ್ತಿನ ಘಟನೆ ನಡೆದು ಮುಗಿಯಬೇಕು. ಆಪಲ್ ಹೇಳುವ ತುಂಡಿನ ಉದ್ದ 6 ಸೆಕೆಂಡು, ಎಚ್‌ಎಲ್‌ಎಸ್ ನಿಯಮದಂತೆ ಪ್ಲೇಯರ್ ತುದಿಯಿಂದ ಮೂರು ತುಂಡು ಹಿಂದೆ ಶುರುಮಾಡಬೇಕು. ಅಲ್ಲಿಗೇ 18 ಸೆಕೆಂಡು ಹೋಯಿತು. ತುಂಡು ಸಣ್ಣದು ಮಾಡಿ ಈ ತಡವನ್ನು ಇಳಿಸುತ್ತಾರೆ, ಪೂರ್ತಿ ತೆಗೆಯಲು ಆಗುವುದಿಲ್ಲ.

ರಾತ್ರಿ ಕೆಟ್ಟರೆ ಎಲ್ಲಿ ನೋಡಬೇಕು

ಗ್ರೂಪಿನಲ್ಲಿ "ಬರ್ತಾ ಇಲ್ಲ" ಎಂಬ ಮೆಸೇಜ್ ಬಿದ್ದ ಕೂಡಲೇ ಗಾಬರಿಯಾಗಿ ಲೈವ್ ನಿಲ್ಲಿಸಬೇಡಿ. ಮೊದಲು ಕೇಳಿ, ಒಬ್ಬರಿಗಾ, ಎಲ್ಲರಿಗಾ? ಒಬ್ಬರಿಗೆ ಮಾತ್ರ ಆದರೆ ಅವರ ನೆಟ್ಟು. 360ಪಿಗೆ ಇಳಿಸಿ ನೋಡಲು ಹೇಳಿ, ನೀವು ಆಟ ನೋಡಿ.

ಎಲ್ಲರಿಗೂ ಆದರೆ ಒಬಿಎಸ್‌ನ ಕೆಳಗಿನ ಪಟ್ಟಿ ನೋಡಿ. "ಡ್ರಾಪ್ಡ್ ಫ್ರೇಮ್ಸ್" ಏರುತ್ತಾ ಇದ್ದರೆ ನಿಮ್ಮ ಅಪ್‌ಲೋಡ್ ಸಾಲುತ್ತಿಲ್ಲ. ಬಿಟ್ರೇಟ್ 1500ಕ್ಕೆ ಇಳಿಸಿ. ಅದೂ ಆಗದಿದ್ದರೆ ಬದಲಿ ನೆಟ್ಟಿಗೆ ಹೋಗಿ. ಇದಕ್ಕೆಂದೇ ಬೇರೆ ಕಂಪನಿಯ ಸಿಮ್ ಇರುವ ಒಂದು ಫೋನು ಮನೆಯ ಮಾಡಿನ ಮೇಲೋ ಅಟ್ಟದಲ್ಲೋ ಇರಲಿ, ಜನರ ನಡುವೆ ಬೇಡ. ನೆಟ್ ಬದಲಿಸಿದಾಗ ಒಬಿಎಸ್ ತಾನೇ ಮತ್ತೆ ಸೇರಿಕೊಳ್ಳುತ್ತದೆ, ಲಿಂಕ್ ಅದೇ ಇರುತ್ತದೆ.

ಡ್ರಾಪ್ ಸೊನ್ನೆ ಇದ್ದು, ಚಿತ್ರ ಮಾತ್ರ ತಡವರಿಸುತ್ತಿದ್ದರೆ ತಪ್ಪು ನೆಟ್ಟಿನದ್ದಲ್ಲ, ಲ್ಯಾಪ್‌ಟಾಪಿಗೆ ಸುಸ್ತಾಗಿದೆ. ಒಬಿಎಸ್‌ನ ಸ್ಟ್ಯಾಟ್ಸ್ ಕಿಟಕಿಯಲ್ಲಿ "ಎನ್‌ಕೋಡಿಂಗ್ ಲ್ಯಾಗ್" ಏರುತ್ತಿರುತ್ತದೆ. ಬ್ರೌಸರಿನ ಟ್ಯಾಬುಗಳನ್ನು ಮುಚ್ಚಿ, ಲ್ಯಾಪ್‌ಟಾಪಿನ ಕೆಳಗೆ ಎರಡು ಪುಸ್ತಕ ಕೊಟ್ಟು ಗಾಳಿ ಆಡುವ ಹಾಗೆ ಎತ್ತಿಡಿ. ನಗಬೇಡಿ, ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ನೀವೂ ಒಂದು ಫೋನಿನಲ್ಲಿ ಇಯರ್‌ಫೋನ್ ಹಾಕಿ ಲೈವ್ ನೋಡುತ್ತಾ ಇರಿ, ಮೊಬೈಲ್ ಡೇಟಾದಲ್ಲಿ. ಒಬಿಎಸ್‌ನಲ್ಲಿ ಎಲ್ಲ ಹಸಿರಾಗಿದ್ದು, ಧ್ವನಿಯ ವಯರ್ ಮಾತ್ರ ಯಾರದೋ ಕಾಲಿಗೆ ಸಿಕ್ಕಿ ಕಿತ್ತುಹೋಗಿ, ಇಪ್ಪತ್ತು ನಿಮಿಷ ಮೂಕಿ ಆಟ ಕಳಿಸಿದ ಅನುಭವ ನನಗಿದೆ.

ಹನ್ನೆರಡು ಗಂಟೆಗಿಂತ ಕಡಿಮೆ ಇದ್ದರೆ ಯೂಟ್ಯೂಬ್ ಇಡೀ ಲೈವನ್ನು ತಾನೇ ಉಳಿಸಿಡುತ್ತದೆ. ಬೆಳಗಿನವರೆಗಿನ ಆಟವೂ ಅದರೊಳಗೆ ಮುಗಿಯುತ್ತದೆ.

ಮಂಗಳ ಹಾಡಿ ಆದ ಕೂಡಲೇ ಸ್ಟಾಪ್ ಒತ್ತಬೇಡಿ. ನಿಮಗೆ ನಿದ್ದೆ ಬಂದಿರುತ್ತದೆ, ವಯರ್ ಸುತ್ತುವ ಕೆಲಸ ಬೇರೆ ಇದೆ, ಗೊತ್ತು. ಆದರೆ ನಿಮ್ಮ ಮುಂದೆ ಮುಗಿದ ಪದ್ಯ ಅವರಿಗೆ ಮುಗಿಯಲು ಇನ್ನೂ ಅರ್ಧ ನಿಮಿಷ ಇದೆ. ಕ್ಯಾಮೆರಾವನ್ನು ಖಾಲಿ ರಂಗಸ್ಥಳದ ಕಡೆಗೆ ಬಿಟ್ಟು ಒಂದು ನಿಮಿಷ ಕಾಯಿರಿ. ಗ್ರೂಪಿನಲ್ಲಿ ಅಕ್ಕನ ಕೈಮುಗಿದ ಚಿತ್ರ ಬಂದ ಮೇಲೆ ನಿಲ್ಲಿಸಿ.